ಹಾಡಿನ ಆ್ಯಪಿಗೆ ಬಂದ ಒಂಟಿ ಸೀನು

ಹಾಡು ಮಾರಿ ಹೊಟ್ಟೆ ಹೊರೆಯುವವನಿಗೆ ನಗುವುದಕ್ಕೆ ಕಾರಣ ಹುಡುಕುವ ಕಷ್ಟ ಇಲ್ಲ. ದಿನಾ ಯಾರಾದರೂ ಒಬ್ಬರು ಅದನ್ನು ಫೋನಿನಲ್ಲಿಟ್ಟುಕೊಂಡು ಬಂದು, “ಇದು ಯಾಕೋ ನಡೀವಲ್ದು, ಸ್ವಲ್ಪ ನೋಡ್ರಿ” ಎಂದು ನನ್ನ ಮುಂದೆ ಹಿಡಿಯುತ್ತಾರೆ.

ನಾನು ಈ ಧಂದೆಗೆ ಹೊಸಬನಲ್ಲ. ರಾಣೆಬೆನ್ನೂರಿನ ಬಸ್ ನಿಲ್ದಾಣದ ಎದುರು ಹದಿನೆಂಟು ವರ್ಷ ನನ್ನ ಅಂಗಡಿ ಇತ್ತು. ಮೊದಲು ಕ್ಯಾಸೆಟ್ ಮಾರಿದೆ, ಆಮೇಲೆ ಸಿ.ಡಿ. ಮಾರಿದೆ, ಕಡೆಗೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಟ್ಟೆ. ಎಲ್ಲರ ಫೋನಿಗೂ ಇಂಟರ್‌ನೆಟ್ ಬಂದ ಮೇಲೆ ಗಿರಾಕಿಗಳು ಒಬ್ಬೊಬ್ಬರೇ ಕರಗಿದರು. ಶಟರ್ ಎಳೆದೆ. ಆದರೆ ಧೈರ್ಯಕ್ಕೆ ಶಟರ್ ಎಳೆಯಲಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗಂಡಸರ ಕಿವಿಗೆ ಏನು ಬೇಕು ಎಂಬುದು ನನಗೆ ಗೊತ್ತಿದ್ದಷ್ಟು ಅವರ ಹೆಂಡಂದಿರಿಗೂ ಗೊತ್ತಿರಲಿಲ್ಲ.

ಬೆಂಗಳೂರಿನ ಒಂದು ಕಂಪನಿ ಹಾಡಿನ ಆ್ಯಪ್ ನಡೆಸುತ್ತದೆ. ಈ ಮೂರೂ ಊರಿಗೆ ಸೇರಿ ಒಬ್ಬ ಪ್ರತಿನಿಧಿ ಬೇಕೆಂದು ಅವರು ಕರೆದಾಗ ಹೋದೆ. ಅಲ್ಲಿಯ ಸಾಹೇಬರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. “ನಿಮಗೆ ಆಲ್ಗಾರಿದಮ್ ಅಂದ್ರೆ ಏನು ಗೊತ್ತಾ?” ಎಂದು ಕೇಳಿದರು.

“ಗಿರಾಕಿ ಅಂಗಡಿ ಮೆಟ್ಟಲಾ ಹತ್ತೂದ್ರಾಗ ಅವಂಗ ಯಾವ ಹಾಡು ಬೇಕು ಅಂತ ತಗದು ಇಡ್ತಿದ್ದೆ ಸರ್. ಅದಕ್ಕ ನೀವು ಏನ ಹೆಸರು ಇಟ್ಟೀರೋ ನಂಗೊತ್ತಿಲ್ಲ” ಅಂದೆ.

ಸಾಹೇಬರು ನಕ್ಕು ನೌಕರಿ ಕೊಟ್ಟರು, ಆದರೆ ಆರು ತಿಂಗಳ ಪರೀಕ್ಷೆಯ ಮೇಲೆ. ಜನರಿಗೆ ಆ್ಯಪ್ ಹಾಕಿಸುವುದು ದಿನನಿತ್ಯದ ಕೆಲಸ. ಕಾಯಂ ಆಗಬೇಕಾದರೆ ಆರು ತಿಂಗಳೊಳಗೆ ನಮ್ಮ ಜಿಲ್ಲೆಯ ಒಂದು ದನಿಯನ್ನು, ಜಗತ್ತಿನಲ್ಲಿ ಬೇರೆಲ್ಲೂ ಸಿಗದಂಥ ದನಿಯನ್ನು, ಆ್ಯಪಿಗೆ ತರಬೇಕು. ಇಲ್ಲದಿದ್ದರೆ ನಮಸ್ಕಾರ. ಏಳುವಾಗ ಬೆರಳೆತ್ತಿ ಇನ್ನೊಂದು ಮಾತು ಹೇಳಿದರು: “ರೆಕಾರ್ಡಿಂಗಿನಲ್ಲಿ ಯಾರ ದನಿ ಕೇಳಿಸುತ್ತೋ ಅವರ ಹೆಸರು ಹಾಡಿನ ಕೆಳಗೆ ಬರಲೇಬೇಕು. ಒಬ್ಬರನ್ನೂ ಬಿಡೋ ಹಾಗಿಲ್ಲ. ಇದು ನನ್ನ ನಿಯಮ.” ಈ ನಿಯಮವನ್ನು ನೆನಪಿಟ್ಟುಕೊಳ್ಳಿ. ನಾನಂತೂ ಇಟ್ಟುಕೊಂಡೆ.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಕಾಯಂ ಆದ ದಿನ ಹೋಳಿಗಿ ಮಾಡ್ತೇನಿ. ಅಲ್ಲೀತನಕ ಕೇಳಬ್ಯಾಡ್ರಿ” ಅಂದಳು. ಅವಳ ಮಾತಿನಲ್ಲಿ ಚೇಷ್ಟೆ ಇತ್ತು, ಭಯವೂ ಇತ್ತು. ಅಂಗಡಿಯನ್ನು ಆಗಲೇ ಬೇರೆಯವರಿಗೆ ಬಿಟ್ಟುಕೊಟ್ಟಾಗಿತ್ತು. ತಿರುಗಿ ಹೋಗಲು ನನಗೆ ಜಾಗ ಇರಲಿಲ್ಲ.

ದೇವರ ಹುಟ್ಟಿದ ತಾರೀಖು

ಬ್ಯಾಡಗಿಯಲ್ಲಿ ನನಗೆ ಪರಿಚಯದ ಒಬ್ಬ ಮೆಣಸಿನಕಾಯಿ ದಲಾಲರಿದ್ದಾರೆ. ಮನೆಯ ಯಜಮಾನರು, ಹಣೆ ತುಂಬ ವಿಭೂತಿ, ಮಾತು ಗಟ್ಟಿ. ಫ್ಯಾಮಿಲಿ ಪ್ಲಾನ್ ಹಾಕಿಸುತ್ತೇನೆಂದು ಮನೆಗೇ ಕರೆಸಿಕೊಂಡರು.

“ಒಂದು ಮನೀಗೆ ಆರು ಮಂದಿ ಕೇಳಬಹುದ್ರಿ” ಅಂದೆ.

“ನಮ್ಮದೂ ಒಂದ ಮನಿ. ಮಂದಿ ಇಪ್ಪತ್ಮೂರು.”

“ಕಂಪನಿಯವ್ರ ಲೆಕ್ಕದಾಗ ಮನಿ ಅಂದ್ರ ಆರ ಮಂದೀರಿ. ಹೆಸರು ಹೇಳ್ರಿ, ಬರ್ಕೋತೇನಿ.”

ಯಜಮಾನರು ತಮ್ಮ ಹೆಸರು ಹೇಳಿದರು, ಮೂವರು ತಮ್ಮಂದಿರ ಹೆಸರು ಹೇಳಿದರು. ಐದನೆಯದಕ್ಕೆ ತಡವರಿಸಿದರು. ಅಡುಗೆಮನೆಯ ಬಾಗಿಲಿನಿಂದ ಹಿರೀ ಸೊಸೆಯ ದನಿ ಬಂತು: “ಆರ ಮಂದಿ ಮನ್ಯಾವ್ರು ಅಂದ್ರ, ಉಳದ ಹದಿನೇಳು ಮಂದಿ ಬಾಡಿಗಿಗೆ ಅದೇವೇನ್ರಿ ಮಾಮಾರ?”

ಅಷ್ಟು ಸಾಕಾಯಿತು. ಪಡಸಾಲೆಯಲ್ಲಿ ಕಂಬಳಿ ಹಾಸಿ ಪಂಚಾಯ್ತಿಯೇ ಕೂತಿತು. ನಾಲ್ಕು ದಶಕದಿಂದ ಹೊಲ ಹಂಚಿಕೊಳ್ಳದ ಮನೆ ಅದು, ಹಾಡು ಹಂಚಿಕೊಳ್ಳಲು ಹೋಗಿ ಒಡೆಯುವ ಹಾಗಾಯಿತು. ನಾನು ಎರಡು ಸಲ ಚಹಾ ಕುಡಿದ ಮೇಲೆ ತೀರ್ಮಾನ ಬಂತು. ಗಂಡಸರಿಗೆ ಎರಡು, ಹೆಂಗಸರಿಗೆ ಎರಡು, ಹುಡುಗರಿಗೆಲ್ಲ ಸೇರಿ ಒಂದು. ಆರನೆಯದು ಯಾರಿಗೆ ಕೊಟ್ಟರೂ ಜಗಳ. ಅದಕ್ಕೆ ಅದನ್ನು ದೇವರಿಗೆ ಕೊಟ್ಟರು. ಮನೆಯ ಒಂದು ಹಳೆಯ ಫೋನು ದೇವರ ಮನೆಯಲ್ಲಿರಬೇಕು, ಬೆಳಗ್ಗೆ ಪೂಜೆಯ ಹೊತ್ತಿಗೆ ಭಕ್ತಿಗೀತೆ ಹಾಡಬೇಕು.

ನಾನು ಫಾರ್ಮ್ ತುಂಬಲು ಕೂತೆ. ಹೆಸರು: ವೀರಭದ್ರ. ಮುಂದಿನದು ಹುಟ್ಟಿದ ತಾರೀಖು. ಅದನ್ನು ತುಂಬದೆ ಆ್ಯಪ್ ಮುಂದಕ್ಕೆ ಬಿಡುವುದಿಲ್ಲ.

“ದೇವರಿಗೆ ಎಲ್ಲೀ ಹುಟ್ಟಿದ ತಾರೀಖೋ? ಆದಿ ಇಲ್ಲ, ಅಂತ್ಯ ಇಲ್ಲ ಅಂತ ಬರಿ.”

“ಬರಿಯಾಕ ಬರಂಗಿಲ್ರಿ. ಇದ್ದದ್ರಾಗ ಎಲ್ಲಕ್ಕಿಂತ ಹಳೇ ಇಸ್ವಿ ಹಾಕ್ತೇನಿ” ಎಂದು ಪಟ್ಟಿಯನ್ನು ಕೆಳಗೆ ಕೆಳಗೆ ತಳ್ಳುತ್ತ ಹೋದೆ. ಅದು ಸಾವಿರದ ಒಂಬೈನೂರರ ಜನವರಿ ಒಂದಕ್ಕೆ ಬಂದು ನಿಂತಿತು. ಒತ್ತಿದೆ.

ಯಜಮಾನರು ಕನ್ನಡಕ ಏರಿಸಿ ನೋಡಿದರು. ಮುಖ ಗಂಭೀರವಾಯಿತು. “ಅಲ್ಲೋ ಮಾರಾಯಾ, ನಮ್ಮ ಮುತ್ತ್ಯಾನ ಅಪ್ಪ ಇದಕ್ಕಿಂತ ಮೊದಲ ಹುಟ್ಟ್ಯಾನ. ಹಂಗಾರ ಅಂವ ಯಾರಿಗೆ ಕೈ ಮುಗೀತಿದ್ದ?”

ಜನವರಿ ಒಂದಕ್ಕೆ ಆ್ಯಪಿನಿಂದ ದೇವರಿಗೆ ಹುಟ್ಟುಹಬ್ಬದ ಶುಭಾಶಯ ಬಂತಂತೆ. ಮನೆಯವರು ಫೋನಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ನನಗೂ ಒಂದು ಹೋಳು ಕಳಿಸಿಕೊಟ್ಟರು.

ಪದ ನಿಂತರೆ ಊಟ

ಹಾವೇರಿಯ ಒಂದು ಕಚೇರಿಯಲ್ಲಿ ಒಬ್ಬ ಗುಮಾಸ್ತರಿದ್ದಾರೆ. ಫೈಲು ನೋಡುತ್ತ ಕಿವಿಗೆ ಸಣ್ಣಗೆ ಹಾಡು ಹಾಕಿಕೊಂಡಿರುವುದು ಅವರ ಅಭ್ಯಾಸ. ಒಂದು ದಿನ ಫೋನ್ ಮಾಡಿ ನನ್ನನ್ನು ತರಾಟೆಗೆ ತೆಗೆದುಕೊಂಡರು: “ನಿಮ್ಮ ಆ್ಯಪಿಗೆ ಏನ್ ಧಾಡಿ ಆಗೇತ್ರಿ? ದಿನಾ ಮಧ್ಯಾಹ್ನ ಪದ ನಡುವ ಕಡೀತೈತಿ!”

ಹೋಗಿ ನೋಡಿದೆ. ಆ್ಯಪಿಗೆ ಏನೂ ಆಗಿರಲಿಲ್ಲ. “ಸರ್, ಒಂದು ಖಾತೆ ಒಂದು ಹೊತ್ತಿಗೆ ಒಂದ ಫೋನಿನ್ಯಾಗ ಹಾಡ್ತೈತಿ. ನಿಮ್ಮ ಖಾತೇದಾಗ ಬ್ಯಾರೆ ಯಾರೋ ಕೇಳಾಕತ್ತಾರ” ಅಂದೆ.

ಗುಮಾಸ್ತರ ಮುಖ ಬಾಡಿತು. ಅಕ್ಕಪಕ್ಕದ ಮೇಜಿನವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಯಾರಿಗೆ ಪಾಸ್‌ವರ್ಡ್ ಕೊಟ್ಟಿದ್ದೀರಿ, ಯಾರಿಗೆ ಫೋನ್ ಕೊಟ್ಟಿದ್ದೀರಿ ಎಂದು ಸರಕಾರಿ ವಿಚಾರಣೆಯೇ ನಡೆಯಿತು. ಕಡೆಗೆ ಗುಮಾಸ್ತರಿಗೇ ಹೊಳೆಯಿತು. ಮನೆಯಲ್ಲಿ ಹೆಂಡತಿಯ ಫೋನಿನಲ್ಲೂ ಅದೇ ಖಾತೆ ಇದೆ. ಅವರು ಅಡುಗೆ ಮುಗಿಸಿ, ಕೈ ಒರೆಸಿಕೊಂಡು, ಹಾಡು ಹಚ್ಚಿ ಕೂರುತ್ತಾರೆ. ಅಲ್ಲಿ ಹಚ್ಚಿದ ಕೂಡಲೇ ಇಲ್ಲಿ ನಿಲ್ಲುತ್ತದೆ.

ನಾನು ಬಿಡುತ್ತೇನೆಯೇ? ಇಬ್ಬರಿಗೆ ಬೇರೆ ಬೇರೆ ಖಾತೆ ಇರುವ ಪ್ಲಾನ್ ತೆಗೆದು ತೋರಿಸಿದೆ. ಗುಮಾಸ್ತರು ಕೈ ಅಡ್ಡ ಆಡಿಸಿದರು.

“ಬ್ಯಾಡ್ರಿ. ಇಷ್ಟ ದಿನ ಅಕೀಗೆ ಫೋನ್ ಮಾಡಿ ಅಡಗಿ ಆತೇನಂತ ಕೇಳಿದ್ರ ಸಿಟ್ಟಿಗೆ ಬರ್ತಿದ್ಲು. ಈಗ ಕೇಳೂದ ಬ್ಯಾಡ. ಪದ ನಿಂತಿತಂದ್ರ ಊಟ ತಯಾರ್.”

ನನಗೊಂದು ಗಿರಾಕಿ ತಪ್ಪಿತು. ಆದರೆ ಮರುದಿನದಿಂದ ಆ ಕಚೇರಿಯ ಇನ್ನೂ ಮೂವರು ಒಂದೊಂದೇ ಖಾತೆ ಹಾಕಿಸಿಕೊಂಡು ಮನೆಯಲ್ಲೂ ಅದನ್ನೇ ಇಟ್ಟರು.

ಕಾಯಿ ಇಲ್ಲದೆ ಪದ ಇಲ್ಲ

ಈ ನಡುವೆ ದನಿ ಹುಡುಕುವುದನ್ನು ನಾನು ಬಿಟ್ಟಿರಲಿಲ್ಲ. ಹುಡುಕಿ ಹುಡುಕಿ ಸಿಕ್ಕವರೆಲ್ಲ ಆಗಲೇ ಎಲ್ಲೋ ಒಂದು ಕಡೆ ಹಾಡಿ ಬಂದವರೇ. ಒಂದು ಬೆಳಗ್ಗೆ ಬ್ಯಾಡಗಿಯ ಮಾರ್ಕೆಟ್ ಯಾರ್ಡಿನಲ್ಲಿ ನಮ್ಮ ದಲಾಲರ ಅಂಗಡಿಗೆ ಹೋಗಿದ್ದೆ. ಹಿಂದಿನ ತಗಡಿನ ಶೆಡ್ಡಿನಲ್ಲಿ ಇಪ್ಪತ್ತು ಮೂವತ್ತು ಹೆಂಗಸರು ಕೆಂಪು ರಾಶಿಯ ಸುತ್ತ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅಲ್ಲಿ ಒಬ್ಬ ಅಜ್ಜಿ ಹಾಡುತ್ತಿದ್ದಳು.

ಕೆಂಪು ರಾಶಿಯ ಮುಂದ ಕುಂತಾಳ ನನ ತಂಗಿ
ಕಣ್ಣೀರು ಯಾಕ ಅಂದರ ನಗತಾಳ
ಕಾಯಿ ಖಾರವ್ವ ಅಂದಾಳ

ನಾನು ಹದಿನೆಂಟು ವರ್ಷ ಹಾಡು ಮಾರಿದವನು, ಹಾಡಿಗೆ ಕರಗುವವನಲ್ಲ. ಅವತ್ತು ಕರಗಿದೆ. ಯಾಕೆಂದರೆ ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಎಷ್ಟಿದೆಯೋ ಖಾರ ಅಷ್ಟಿಲ್ಲ. ಅದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ತವರು ನೆನೆದು ಅಳುವ ತಂಗಿ, ಕಾಯಿ ಖಾರ ಎಂದು ಅಕ್ಕನಿಗೆ ಸುಳ್ಳು ಹೇಳುತ್ತಾಳೆ. ಅಕ್ಕನಿಗೆ ಅದು ಸುಳ್ಳೆಂದು ಗೊತ್ತು. ತಂಗಿಗೆ, ಅಕ್ಕನಿಗೆ ಗೊತ್ತಾಗಿದೆ ಎಂದೂ ಗೊತ್ತು. ಕಣ್ಣೊರೆಸಿಕೊಂಡು ನಾನು ಅಲ್ಲೇ ನಿರ್ಧಾರ ಮಾಡಿದೆ: ನನ್ನ ದನಿ ಇದೇ.

ಅಜ್ಜಿಯ ಸುತ್ತ ಹೆಂಗಸರು ಒಂದೇ ಸಮ ಸೀನುತ್ತಿದ್ದರು. ಖಾರ ಇರಲಿ ಬಿಡಲಿ, ಅಷ್ಟು ದೊಡ್ಡ ರಾಶಿಯ ಧೂಳಿಗೆ ಮೂಗು ಸುಮ್ಮನಿರುವುದಿಲ್ಲ. ನಮ್ಮ ಕಡೆ ಒಂದು ಕೆಲಸ ಶುರು ಮಾಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಕೆಲಸ ನಿಲ್ಲಿಸುತ್ತಾರೆ, ಅವರೇ ಇನ್ನೊಮ್ಮೆ ಸೀನಿ ಜೋಡಿ ಮಾಡುವ ತನಕ ಮುಂದುವರಿಯುವುದಿಲ್ಲ. ಯಾರ್ಡಿನಲ್ಲಿ ಆ ತಾಪತ್ರಯ ಇಲ್ಲ. ಅಲ್ಲಿ ಸೀನು ಒಂಟಿಯಾಗಿ ಬರುವುದೇ ಇಲ್ಲ.

ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸಿದೆ. ನಾಲ್ಕು ದಿನಕ್ಕೆ ಕಂಪನಿಯಿಂದ ವಾಪಸ್ ಬಂತು. ಸಾಹೇಬರೇ ಫೋನ್ ಮಾಡಿದರು: “ದನಿ ಅದ್ಭುತವಾಗಿದೆ ರೀ. ಆದ್ರೆ ಲಾರಿ ಹಾರ್ನ್ ಇದೆ, ಹಮಾಲರು ಕೂಗ್ತಿದ್ದಾರೆ, ಯಾರೋ ನೂರು ಜನ ಸೀನ್ತಿದ್ದಾರೆ. ಅವರೆಲ್ಲರ ಹೆಸರು ಹಾಕ್ತೀರಾ? ಸ್ಟುಡಿಯೋದಲ್ಲಿ ಮಾಡಿಸಿ.”

ಹಾವೇರಿಯಲ್ಲಿ ಒಂದು ಸಣ್ಣ ಸ್ಟುಡಿಯೋ ಇದೆ. ಅಜ್ಜಿಯನ್ನೂ ಹಿಂದಿನಿಂದ ದನಿಗೂಡಿಸಿ ಸೊಲ್ಲು ಹಿಡಿಯುವ ಇಬ್ಬರು ಹೆಂಗಸರನ್ನೂ ಕರೆದುಕೊಂಡು ಹೋದೆ. ಅಜ್ಜಿ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕುರ್ಚಿಯ ಮೇಲೆ ಕೂಡಿಸಿ, ಮೈಕು ಮುಂದಿಟ್ಟು, “ಹಾಡ್ ಯವ್ವಾ” ಅಂದೆ.

ಅಜ್ಜಿ ಬಾಯಿ ತೆರೆದಳು. ಮುಚ್ಚಿದಳು. ತೊಡೆಯ ಮೇಲೆ ಕೈ ಸುಮ್ಮನೆ ಮಿಸುಕಾಡಿತು. “ಬರವಲ್ದು ತಮ್ಮಾ.”

“ಮೂವತ್ತು ವರ್ಷದಿಂದ ಹಾಡಾಕತ್ತಿ, ಬರವಲ್ದು ಅಂದ್ರ?”

“ಪದ ಬಾಯಾಗ ಇಲ್ಲೋ, ಕೈಯಾಗ ಐತಿ. ಒಂದ ಕಾಯಿ ಮುರದ್ರ ಒಂದ ಮಾತು ಬರ್ತೈತಿ. ಕೈ ಖಾಲಿ ಕುಂತ್ರ ಬಾಯೂ ಖಾಲಿ.”

ನೀರು ಕೊಟ್ಟೆ, ಚಹಾ ಕೊಟ್ಟೆ, ಹೊಗಳಿದೆ, ಕೈ ಮುಗಿದೆ. ಏನು ಮಾಡಿದರೂ ಬರಲಿಲ್ಲ. ರೆಕಾರ್ಡಿಂಗ್ ಮಾಡುವ ಇಂಜಿನಿಯರು ಗಾಜಿನ ಆಚೆಯಿಂದ ಪಾಪ, ಬುದ್ಧಿವಂತಿಕೆಯ ಮಾತು ಹೇಳಿದ: “ಅಜ್ಜಿ, ಕೈಯಾಗ ಕಾಯಿ ಐತಿ ಅಂತ ತಿಳ್ಕೋರಿ.”

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನೀ ಹೊಟ್ಟ್ಯಾಗ ರೊಟ್ಟಿ ಐತಿ ಅಂತ ತಿಳ್ಕೊಂಡು ಇವತ್ತು ಕೆಲಸ ಮಾಡಪಾ, ನೋಡೂಣು.”

ಜಾಹೀರಾತು ಸೇರದ ಎಮ್ಮೆ

ಐದು ತಿಂಗಳು ಕಳೆದವು. ಮನೆಯಲ್ಲಿ ಹೋಳಿಗೆಯ ಸುದ್ದಿಯೇ ಇಲ್ಲ. ಆ ದಿನಗಳಲ್ಲಿ ಹೊಸರಿತ್ತಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, “ಅಣ್ಣಾರ, ನಿಮ್ಮ ಆ್ಯಪಿನ್ಯಾಗ ನಡುನಡುವ ಮಾತಾಡ್ತಾನಲ್ಲ, ಅವನ್ನ ಸುಮ್ಮ ಕುಂದ್ರಸೂದು ಹೆಂಗ್ರಿ?” ಎಂದು ಕೇಳಿದಳು.

ಪುಕ್ಕಟೆ ಕೇಳುವವರಿಗೆ ಹಾಡಿನ ನಡುವೆ ಜಾಹೀರಾತು ಬರುತ್ತದೆ. ಅದು ಬೇಡವಾದರೆ ಪ್ಲಾನ್ ಹಾಕಿಸಬೇಕು. ಹೊಸ ಗಿರಾಕಿ ಸಿಕ್ಕಳೆಂದು ಹುರುಪಿನಿಂದ ಹೋದೆ.

“ನಿಮಗ ಯಾವ ಥರದ ಹಾಡು ಸೇರ್ತಾವು ತಂಗೀ?”

“ನಂಗಲ್ರಿ. ಎಮ್ಮೀಗೆ.”

ಅವಳ ಎಮ್ಮೆ ಭಜನೆ ಕೇಳುತ್ತ ಹಾಲು ಕೊಡುತ್ತದೆ. ಹಾಡು ನಡೆದಿರುವ ತನಕ ಕಣ್ಣು ಮುಚ್ಚಿ ನಿಂತಿರುತ್ತದೆ. ನಡುವೆ ಯಾರೋ ಗಡುಸು ದನಿಯಲ್ಲಿ “ಇಂದೇ ಕೊಳ್ಳಿರಿ!” ಎಂದ ಕೂಡಲೇ ಕಾಲು ಝಾಡಿಸಿ ಚೊಂಬು ಚೆಲ್ಲಿ ದೂರ ನಿಲ್ಲುತ್ತದೆ. ನಾನೂ ನಿಂತು ನೋಡಿದೆ, ಖರೆ. ಜಾಹೀರಾತು ಇಲ್ಲದ ಪ್ಲಾನ್ ಅಲ್ಲೇ ಹಾಕಿಕೊಟ್ಟೆ. ಎಮ್ಮೆ ಕಣ್ಣು ಮುಚ್ಚಿತು, ಚೊಂಬು ತುಂಬಿತು. ನನ್ನ ಹದಿನೆಂಟು ವರ್ಷದ ವ್ಯಾಪಾರದಲ್ಲಿ ಇಷ್ಟು ನಿಯತ್ತಿನ ಕೇಳುಗರು ಸಿಕ್ಕಿರಲಿಲ್ಲ.

ಮುಂದೆ ಅವರು ಆ ಎಮ್ಮೆಯನ್ನು ಮಾರುವಾಗ, ಕೊಳ್ಳಲು ಬಂದವನು ಹಲ್ಲು ನೋಡಿದ, ಕೆಚ್ಚಲು ನೋಡಿದ, ಮಾತೆಲ್ಲ ಮುಗಿದ ಮೇಲೆ ಹಗ್ಗ ಹಿಡಿದುಕೊಂಡು ನಿಂತೇ ಇದ್ದನಂತೆ. ಇನ್ನೇನಪ್ಪಾ ಎಂದು ಕೇಳಿದರೆ, “ಪಾಸ್‌ವರ್ಡ್ ಹೇಳ್ರಿ, ಹೋಗ್ತೇನಿ” ಅಂದನಂತೆ.

ಅದು ಆಮೇಲಿನ ಮಾತು. ಅವತ್ತು ಹೊಸರಿತ್ತಿಯಿಂದ ಬಸ್ಸಿನಲ್ಲಿ ಬರುವಾಗ ನನಗೆ ಜ್ಞಾನೋದಯವಾಯಿತು. ಎಮ್ಮೆಗೆ ಹಾಡು ಇಲ್ಲದಿದ್ದರೆ ಹಾಲು ಬರುವುದಿಲ್ಲ. ಅಜ್ಜಿಗೆ ಕಾಯಿ ಇಲ್ಲದಿದ್ದರೆ ಹಾಡು ಬರುವುದಿಲ್ಲ. ಹಾಗಿದ್ದ ಮೇಲೆ ನಾನು ಕಾಯಿಯನ್ನೇ ಸ್ಟುಡಿಯೋಗೆ ಯಾಕೆ ಒಯ್ಯಬಾರದು? ಬಸ್ಸಿನಿಂದ ಇಳಿಯುವ ಮೊದಲೇ ಸಾಹೇಬರಿಗೆ ಫೋನ್ ಮಾಡಿ, “ಸರ್, ಕೆಲಸ ಆತು ಅಂತ ತಿಳೀರಿ” ಅಂದೆ.

“ಹಾಗಾದ್ರೆ ನಾನೇ ಬರ್ತೀನಿ. ಎದುರಿಗೆ ಕೂತು ಕೇಳಬೇಕು” ಅಂದರು. ಅದನ್ನು ನಾನು ಎಣಿಸಿರಲಿಲ್ಲ.

ಸಾಹೇಬರ ಸೀನು

ನನ್ನ ಆರು ತಿಂಗಳು ಮುಗಿಯಲು ಇನ್ನು ಎರಡೇ ದಿನ ಇತ್ತು. ಸಾಹೇಬರು ಬೆಳಗಿನ ರೈಲಿಗೆ ಹಾವೇರಿಗೆ ಬಂದಿಳಿದರು. ಮಧ್ಯಾಹ್ನದ ರೈಲಿಗೆ ವಾಪಸ್ ಹೋಗಬೇಕು, ಟಿಕೆಟ್ ಆಗಿತ್ತು. ಆಮೇಲೆ ತಿಂಗಳುಗಟ್ಟಲೆ ಅವರು ಈ ಕಡೆ ಬರುವಂತಿರಲಿಲ್ಲ. ಆಗಬೇಕಾದದ್ದು ಅವತ್ತೇ ಆಗಬೇಕು.

ಬ್ಯಾಡಗಿಯ ದಲಾಲರು ತಮ್ಮ ಗಾಡಿಯಲ್ಲೇ ಅಜ್ಜಿಯನ್ನೂ ಇಬ್ಬರು ಜೊತೆಗಾತಿಯರನ್ನೂ ಕರೆತಂದರು. ಜೊತೆಗೆ ಒಂದು ಚೀಲ ಮೊದಲ ದರ್ಜೆಯ ಕಾಯಿ. “ಬೆಂಗಳೂರು ಮಂದಿ ನೋಡ್ಲಿ, ಬಣ್ಣ ಅಂದ್ರ ಏನಂತ” ಎನ್ನುತ್ತ ಅವರೇ ಚೀಲದ ಬಾಯಿ ಬಿಚ್ಚಿದರು. ಸ್ಟುಡಿಯೋದ ನೆಲದ ಮೇಲೆ ತಾಡಪಾಲು ಹಾಸಿ ರಾಶಿ ಹಾಕಿದೆವು. ಅಜ್ಜಿ ನೆಲದ ಮೇಲೆ ಕೂತು ರಾಶಿಯನ್ನು ಹತ್ತಿರ ಎಳೆದುಕೊಂಡಳು. ಮುಖದ ಮೇಲೆ ಕಳೆ ಬಂತು. ನಾನು ಮೀಸೆಯ ಮೇಲೆ ಕೈ ಆಡಿಸಿದೆ.

ಸಾಹೇಬರು ಗಾಜಿನ ಆಚೆ ಕೂರಲು ಒಪ್ಪಲಿಲ್ಲ. ಅಜ್ಜಿಯ ಎದುರಿಗೇ ಕುರ್ಚಿ ಹಾಕಿಸಿಕೊಂಡರು. ಸದ್ದಾಗಬಾರದೆಂದು ಫ್ಯಾನು, ಎ.ಸಿ. ಎರಡೂ ಬಂದ್. ಬಾಗಿಲೂ ಬಂದ್. ಇಂಜಿನಿಯರು ಕೈ ತೋರಿಸಿದ. ಅಜ್ಜಿ ಒಂದು ಕಾಯಿ ಎತ್ತಿಕೊಂಡು ಬಾಯಿ ತೆರೆದಳು.

“ಆಕ್ಷೀ!”

ಸಾಹೇಬರು. ಒಂದೇ ಒಂದು ಸೀನು.

ಅಜ್ಜಿ ಕಾಯಿಯನ್ನು ರಾಶಿಗೆ ವಾಪಸ್ ಹಾಕಿ ಕೈ ಕಟ್ಟಿ ಕೂತಳು. “ಒಂಟಿ ಸೀನು ಆತು. ಇನ್ನ ಪದ ಹಿಡಿಯಾಕ ಬರಂಗಿಲ್ಲ.”

“ಸಾರಿ, ಸಾರಿ. ಶುರು ಮಾಡಿ ಅಮ್ಮ.”

“ಶುರು ಹೆಂಗ ಮಾಡ್ಲಿ ಸಾಹೇಬ್ರ? ನೀವು ಇನ್ನೊಂದು ಸೀನ್ರಿ, ಮಾಡ್ತೇನಿ.”

ಸಾಹೇಬರು ನನ್ನ ಕಡೆ ತಿರುಗಿದರು. “ಏನ್ರೀ ಇದು?”

“ಸರ್, ನಿಮ್ಮದು ಒಂದ ಆಗೇತಿ. ಜೋಡಿ ಆಗಬೇಕು.”

“ಯವ್ವಾ, ಅವರ ಬದಲಿ ನಾ ಸೀನಲೇನು?” ಎಂದು ಕೇಳಿ ನೋಡಿದೆ. ಅಜ್ಜಿ ಒಪ್ಪಲಿಲ್ಲ. ಯಾರದು ಒಂಟಿ ಆಗಿದೆಯೋ ಅವರೇ ಜೋಡಿ ಮಾಡಬೇಕು.

ಸಾಹೇಬರು ಸಭ್ಯಸ್ಥರು, ಪ್ರಯತ್ನಪಟ್ಟರು. ಕತ್ತೆತ್ತಿ ಟ್ಯೂಬ್‌ಲೈಟ್ ನೋಡಿದರು. ಕರವಸ್ತ್ರದ ತುದಿ ಹೊಸೆದು ಮೂಗಿಗೆ ಹಾಕಿಕೊಂಡರು. ಮೂಗು ಕೆಂಪಾಯಿತೇ ಹೊರತು ಸೀನು ಬರಲಿಲ್ಲ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ನನ್ನ ಆರು ತಿಂಗಳ ಓಡಾಟ, ಹೆಂಡತಿಯ ಹೋಳಿಗೆ, ಮಗಳ ಕಾಲೇಜಿನ ಫೀ, ಎಲ್ಲವೂ ಒಬ್ಬ ಮನುಷ್ಯನ ಮೂಗಿನ ತುದಿಯಲ್ಲಿ ನಿಂತಿದ್ದವು. ಬದುಕಿನಲ್ಲಿ ಅವತ್ತೊಂದೇ ದಿನ ನನಗೆ ನನ್ನ ಮೇಲೆ ನಂಬಿಕೆ ಸಡಿಲವಾದದ್ದು.

ಒಂದು ಹಿಡಿ ಕಾಯಿ ತೆಗೆದು, ಮುರಿದು, ಅವರ ಮೂಗಿನ ಮುಂದೆ ಹಿಡಿದೆ. ಸಾಹೇಬರು ದೀರ್ಘವಾಗಿ ಉಸಿರೆಳೆದುಕೊಂಡರು.

“ಆಹಾ, ಎಂಥಾ ಒಳ್ಳೆ ವಾಸನೆ ಕಣ್ರೀ!”

ದಲಾಲರಿಗೆ ಹೆಮ್ಮೆಯಿಂದ ಎದೆ ಉಬ್ಬಿತು, ಮರುಕ್ಷಣವೇ ಇಳಿಯಿತು. ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ಆಚೆ ಈಚೆ ನೋಡಿ, ಕಿವಿಯಲ್ಲಿ ಹೇಳಿದರು: “ನಮ್ಮ ಕಾಯಿಗೆ ಇದು ಆಗೂ ಕೆಲಸ ಅಲ್ಲ. ಗಾಡ್ಯಾಗ ಆಂಧ್ರದ ಕಾಯಿ ಒಂದ್ ಸ್ವಲ್ಪ ಅದಾವು, ಮಾದರಿಗಿ ತಂದಿದ್ದೆ. ಕೊಡ್ತೇನಿ. ಆದ್ರ ಈ ಮಾತು ಬ್ಯಾಡಗಿಗೆ ಹೋತು ಅಂದ್ರ ನಾ ಯಾರ್ಡಿನ್ಯಾಗ ತಲಿ ಎತ್ತಿ ಅಡ್ಡಾಡಂಗಿಲ್ಲ.”

ನನ್ನ ತಾಯಿಯಾಣೆ ಯಾರಿಗೂ ಹೇಳುವುದಿಲ್ಲ ಎಂದೆ. ಪೇಪರಿನಲ್ಲಿ ಸುತ್ತಿದ ನಾಲ್ಕು ಕಾಯಿಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಒಳಗೆ ಬಂದೆ. ಅಜ್ಜಿಗೆ ಬೆನ್ನು ತಿರುಗಿಸಿ, ಎರಡನ್ನು ಅಂಗೈಯಲ್ಲಿ ತಿಕ್ಕಿ, ಸಾಹೇಬರ ಮೂಗಿನ ಕೆಳಗೆ ಹಿಡಿದೆ.

ಅವರು ಸೀನಿದರು. ಮತ್ತೆ ಸೀನಿದರು. ಕುರ್ಚಿ ಹಿಡಿದುಕೊಂಡು ಸೀನಿದರು, ಕುರ್ಚಿ ಬಿಟ್ಟು ಎದ್ದು ನಿಂತು ಸೀನಿದರು. ಹನ್ನೊಂದು ಸೀನಿನ ತನಕ ನಾನು ಎಣಿಸಿದೆ. ಅಜ್ಜಿ ಕೈ ಎತ್ತಿ, “ಸಾಕ್ರಿ ಸಾಹೇಬ್ರ, ನಮ್ಮ ಓಣಿಗೆಲ್ಲಾ ಆತು” ಎಂದಳು. ಕಾಯಿ ಎತ್ತಿಕೊಂಡಳು. ಹಾಡಿದಳು.

ಆ ಮುಚ್ಚಿದ ಕೋಣೆಯಲ್ಲಿ ಆ ದನಿ ಕೇಳಿದಾಗ ನನಗೆ ನೌಕರಿಯ ನೆನಪೂ ಉಳಿಯಲಿಲ್ಲ. ತೊಟ್ಟು ಮುರಿಯುವ ಸಣ್ಣ ಸದ್ದು ತಾಳದ ಹಾಗೆ ಬೀಳುತ್ತಿತ್ತು. ಜೊತೆಗಾತಿಯರು ಸೊಲ್ಲು ಹಿಡಿದರು. ಸಾಹೇಬರು ತಲೆ ತಗ್ಗಿಸಿ ಕೂತಿದ್ದರು. ತಂಗಿ ಸುಳ್ಳು ಹೇಳುವ ಜಾಗ ಬಂದಾಗ ಅವರ ಕಣ್ಣಿನಿಂದ ನೀರು ಇಳಿಯಿತು. ಇಳಿಯುತ್ತಲೇ ಇತ್ತು. ಅಜ್ಜಿ ಅದನ್ನು ನೋಡಿದಳು, ದನಿ ಇನ್ನಷ್ಟು ಮೆತ್ತಗಾಯಿತು. ಕೊನೆಯ ಸಾಲನ್ನು ಉದ್ದಕ್ಕೆ ಎಳೆದು ಎಳೆದು ಇನ್ನೇನು ಬಿಡಬೇಕು,

“ಆಕ್ಷೀ! ಆಕ್ಷೀ!”

ಹನ್ನೊಂದು ಸೀನಿದರೂ ಎರಡು ಒಳಗೇ ಉಳಿದಿದ್ದವು.

ಅಜ್ಜಿ ಸೆರಗು ಝಾಡಿಸಿ ಎದ್ದು ನಿಂತಳು. “ಜೋಡಿ ಆತು. ಚೊಲೋ ಆತು.”

ಇನ್ನೊಮ್ಮೆ ಹಾಡಿಸೋಣ ಎಂದು ಇಂಜಿನಿಯರು ಕೇಳಿದ. ಒಂದು ರಾಶಿಗೆ ಒಂದೇ ಸಲ ಎಂದಳು ಅಜ್ಜಿ. ಸೀನನ್ನು ಕತ್ತರಿಸಲು ಹೋದರೆ ಅಜ್ಜಿಯ ಕೊನೆಯ ಎಳೆಯೂ ಕತ್ತರಿಸಿ ಹೋಗುತ್ತದೆ, ಅಂಥ ಜಾಗದಲ್ಲಿ ಸೀನಿದ್ದರು. ಸಾಹೇಬರು ಕರವಸ್ತ್ರದಿಂದ ಮುಖ ಒರೆಸಿಕೊಂಡು, “ಹಾಗೇ ಹೋಗಲಿ ಬಿಡಿ. ಇದನ್ನ ಮುಟ್ಟಬಾರದು” ಅಂದರು. ಆಮೇಲೆ ಅಜ್ಜಿಯ ಕಡೆ ತಿರುಗಿ, “ತುಂಬಾ ಖಾರ ಅಮ್ಮ ಈ ಕಾಯಿ” ಅಂದರು.

“ಹೌದ್ರಿ, ಎಲ್ಲಾರೂ ಹಂಗ ಅಂತಾರ” ಎಂದಳು ಅಜ್ಜಿ.

ಅವರನ್ನು ರೈಲು ಹತ್ತಿಸಿ ಬಂದು ನಾನು ಫಾರ್ಮ್ ತುಂಬಲು ಕೂತೆ. ಗಾಯನ: ಅಜ್ಜಿಯ ಹೆಸರು. ಸೊಲ್ಲು: ಇಬ್ಬರ ಹೆಸರು. ಪೆನ್ನು ನಿಂತಿತು. ಯಾರ ದನಿ ಕೇಳಿಸುತ್ತೋ ಅವರ ಹೆಸರು ಬರಲೇಬೇಕು, ಒಬ್ಬರನ್ನೂ ಬಿಡುವಂತಿಲ್ಲ. ನಿಯಮ ಅಂದರೆ ನಿಯಮ. ಸಾಹೇಬರ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ ಬರೆದು ಕಳಿಸಿದೆ.

ವಾರದ ನಂತರ ಹಾಡು ಬಂತು. ಅದರ ಹಿಂದೆಯೇ ಸಾಹೇಬರ ಫೋನೂ ಬಂತು.

“ಏನ್ರೀ, ನನ್ನನ್ನ ಹಿನ್ನೆಲೆ ಗಾಯಕ ಅಂತ ಹಾಕಿದ್ದೀರಲ್ಲ!”

“ಸರ್, ಸೀನಿಗೆ ಬ್ಯಾರೆ ಖಾನೆ ಇರಲಿಲ್ಲ.”

ಆ ಕಡೆಯಿಂದ ನಗು ಕೇಳಿಸಿತು, ದೊಡ್ಡ ನಗು. “ನಿಮ್ಮನ್ನ ಕಾಯಂ ಮಾಡ್ದೆ ಬಿಟ್ರೆ ಇನ್ನೂ ಏನೇನು ಮಾಡ್ತೀರೋ!” ಎಂದರು. ಅವತ್ತು ನಮ್ಮ ಮನೆಯಲ್ಲಿ ಹೋಳಿಗೆ. ನಾಲ್ಕು ತಿಂದೆ. ಬಡಿಸುವಾಗ ಹೆಂಡತಿಯ ಕಣ್ಣು ಒದ್ದೆಯಾಗಿತ್ತು. ಯಾಕೆ ಎಂದು ಕೇಳಿದರೆ ಒಲೆಯ ಹೊಗೆ ಅಂದಳು. ನಮ್ಮ ಮನೆಯಲ್ಲಿ ಇರುವುದು ಗ್ಯಾಸ್.

ಒಂದು ಹೆಸರು ಹಾಡಿನ ಕೆಳಗೆ ಬಂತೆಂದರೆ ನಮ್ಮ ಆ್ಯಪ್ ತಾನಾಗಿಯೇ ಆ ಕಲಾವಿದರಿಗೆ ಒಂದು ಪುಟ ಮಾಡಿಬಿಡುತ್ತದೆ. ಸಾಹೇಬರಿಗೂ ಮಾಡಿತು. ಬ್ಯಾಡಗಿಯ ಶೆಡ್ಡಿನ ಹೆಂಗಸರೆಲ್ಲ ಸೇರಿ ಅವರನ್ನು ಫಾಲೋ ಮಾಡಿದ್ದಾರೆ. ಮೊನ್ನೆ ಹೋದಾಗ ಹಾಡು ಹಚ್ಚಿಕೊಂಡೇ ತೊಟ್ಟು ಬಿಡಿಸುತ್ತಿದ್ದರು, ಸಾಹೇಬರ ಜೋಡಿ ಸೀನು ಬಂದಾಗ ಎಲ್ಲರೂ ಒಟ್ಟಿಗೆ ದನಿಗೂಡಿಸಿದರು. ದಲಾಲರು ಪಕ್ಕದಲ್ಲೇ ನಿಂತು, ಬ್ಯಾಡಗಿ ಕಾಯಿಯ ತಾಕತ್ತು ನೋಡ್ರಿ ಎಂದು ಹೊರಗಿನಿಂದ ಬಂದ ವ್ಯಾಪಾರಿಗಳಿಗೆ ಹೇಳುತ್ತಿದ್ದರು.

ಅಜ್ಜಿ ನನ್ನನ್ನು ಹತ್ತಿರ ಕರೆದಳು. “ಸಾಹೇಬರ ಮುಂದಿನ ಪದ ಯಾವಾಗ ಬರ್ತೈತಿ ತಮ್ಮಾ?”

“ಕೇಳ್ತೇನಿ ಯವ್ವಾ.”

“ಕೇಳು. ಮತ್ತ ಈ ಸಲ ನಮ್ಮ ಕಾಯಿ ಮ್ಯಾಲ ಸೀನೂದು ಕಲ್ತು ಬಾ ಅಂತ ಹೇಳು” ಎಂದು, ದಲಾಲರ ಮುಖ ನೋಡುತ್ತ ಇನ್ನೊಂದು ತೊಟ್ಟು ಮುರಿದಳು. “ಆಂಧ್ರದ ಕಾಯಿ ಮ್ಯಾಲ ಯಾರು ಬೇಕಾದ್ರೂ ಸೀನ್ತಾರ.”